ಐಸ್ ಪ್ಯಾಕಿಗೆ ಕಿವಿಗೊಟ್ಟವರು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಆರೋಗ್ಯ ಕಚೇರಿಯ ಲಸಿಕೆ ಉಗ್ರಾಣದಲ್ಲಿ ನಮ್ಮ ಅತ್ತಿಗೆ ಅಂಗೈಯಗಲದ ಐಸ್ ಪ್ಯಾಕೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಸದ್ದು ಬರಲಿಲ್ಲ. ಅದನ್ನು ಮೇಜಿನ ಮೇಲಿಟ್ಟು ಇನ್ನೊಂದನ್ನು ಎತ್ತಿಕೊಂಡರು.

ಅದೇ ಕಟ್ಟಡದ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಅದು. ಅಣ್ಣನ ಹೆಂಡತಿಯೇ ಎದುರು ಕೋಣೆಯಲ್ಲಿದ್ದಾರೆಂಬ ಧೈರ್ಯದಿಂದ ಅವರ ಜೊತೆಗೇ ಬಂದಿದ್ದೆ.

"ಏನ್ ಅತ್ತಿಗೆ, ಫೋನಾ ಅದು?" ಎಂದೆ.

"ಹೂಂ, ಒಳಗಿರೋರು ಇನ್ನೂ ಎದ್ದಿಲ್ಲ. ಕೂತ್ಕೋ."

ಇಪ್ಪತ್ತು ನಿಮಿಷ ಕಳೆದ ಮೇಲೆ ಅದೇ ಪ್ಯಾಕನ್ನು ನನ್ನ ಕಿವಿಗೆ ಹಿಡಿದರು. ಮಂಜುಗಡ್ಡೆಯ ಸುತ್ತ ನೀರು ಅಲುಗಿದ ಸಣ್ಣ ಸದ್ದು ಕೇಳಿಸಿತು. "ಈಗ ಎದ್ರು. ಈಗ ಲಸಿಕೆ ಡಬ್ಬಿಗೆ ಹಾಕ್ಬಹುದು."

ಲಸಿಕೆ ಬಿಸಿಗೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಗಂಟಲಮಾರಿ, ಧನುರ್ವಾಯುವಿನಂಥ ರೋಗಗಳ ಲಸಿಕೆಗೆ ಹೆಪ್ಪುಗಟ್ಟುವುದೂ ಅಷ್ಟೇ ಕೇಡು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಹೆಪ್ಪುಗಟ್ಟಿದ ಮೇಲೆ ಅದು ವಿಷವಾಗುವುದಿಲ್ಲ. ಕೆಲಸ ಮಾಡುವುದಿಲ್ಲ, ಅಷ್ಟೇ. ಫ್ರೀಜರಿನಿಂದ ಆಗತಾನೇ ತೆಗೆದ ಐಸ್ ಪ್ಯಾಕ್ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿರುತ್ತದೆ, ಪಕ್ಕದ ಸೀಸೆಯನ್ನೂ ಹೆಪ್ಪುಗಟ್ಟಿಸುತ್ತದೆ. ಒಳಗೆ ನೀರು ಅಲುಗತೊಡಗಿದರೆ ಸೊನ್ನೆಗೆ ಬಂದಿದೆ ಎಂದರ್ಥ. ಅದಕ್ಕೆ ಥರ್ಮಾಮೀಟರ್ ಬೇಡ, ಕಿವಿ ಸಾಕು. ಆದರೆ ಕಾಯಬೇಕು.

ಅತ್ತಿಗೆ ಕಾಯುತ್ತಿದ್ದರು. ಮನೆಯಲ್ಲಿ ಮಾತ್ರ ಅವರಿಗೆ ಯಾವುದಕ್ಕೂ ವ್ಯವಧಾನವಿರಲಿಲ್ಲ. ಬಸ್ ಓಡಿಸುತ್ತಿದ್ದ ಅಣ್ಣ ಊಟಕ್ಕೆ ಕೂತಾಗ ತಮಾಷೆ ಮಾಡುತ್ತಿದ್ದ: "ನಮ್ಮನೇಲಿ ಹಾಲು ಒಡೆದ್ರೆ ಇವಳಿಗೆ ಮೂರು ದಿನ ಆದ್ಮೇಲೆ ಗೊತ್ತಾಗುತ್ತೆ. ಸರ್ಕಾರದ ಫ್ರಿಜ್ಜು ಒಂದು ಸಲ ಸೀನಿದ್ರೆ ಓಡ್ತಾಳೆ."

"ಹಾಲಿಗೆ ನಿಮ್ಮ ಮೂಗಿದೆಯಲ್ಲ ರೀ. ಲಸಿಕೆಗೆ ವಾಸನೆ ಇಲ್ಲ, ಅದಕ್ಕೇ ನನ್ನನ್ನ ಇಟ್ಕೊಂಡಿದಾರೆ."

ಬುಧವಾರ ಮಕ್ಕಳಿಗೆ ಲಸಿಕೆ ಹಾಕುವ ದಿನ. ಸೂಜಿ ಚುಚ್ಚುವುದು ಅತ್ತಿಗೆಯ ಕೆಲಸವಲ್ಲ, ಆದರೂ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಅವರು ಕೂತಿರಲೇಬೇಕು. ಪ್ರತಿ ತಾಯಿಗೂ ಸೀಸೆ ತೋರಿಸುತ್ತಿದ್ದರು. ಅದರ ಚೀಟಿಯ ಮೇಲೆ ಒಂದು ಬಣ್ಣದ ವೃತ್ತ, ವೃತ್ತದೊಳಗೆ ಒಂದು ಚೌಕ. ಬಿಸಿ ತಗುಲಿದಷ್ಟೂ ಚೌಕ ಕಪ್ಪಾಗುತ್ತದೆ. "ಚೌಕ ಬೆಳ್ಳಗಿದೆಯಾ ನೋಡಮ್ಮ. ನಾನು ಹೇಳ್ದೆ ಅಂತ ತಲೆ ಆಡಿಸ್ಬೇಡ, ನೀನೇ ನೋಡು." ಈ ಅಭ್ಯಾಸ ಎಷ್ಟು ಹಬ್ಬಿತ್ತೆಂದರೆ, ಒಬ್ಬಳು ಅಜ್ಜಿ ಕನ್ನಡಕ ಮರೆತು ಬಂದೆನೆಂದು ಮೊಮ್ಮಗುವನ್ನು ಎತ್ತಿಕೊಂಡು ವಾಪಸ್ ಮನೆಗೆ ಹೋಗಿ, ಕನ್ನಡಕ ಹಾಕಿಕೊಂಡು ಬಂದಿದ್ದಳು. ಬಂದವಳು ಸೀಸೆಯನ್ನು ಮೂಗಿನ ತುದಿಗೆ ಹಿಡಿದು ನೋಡಿ, "ಹೂಂ, ಚುಚ್ಚಿ" ಎಂದು ಅಪ್ಪಣೆ ಕೊಟ್ಟಳು. ಸಾಲೆಲ್ಲ ನಕ್ಕಿತು. ಆ ಸಾಲು ಆಗ ಮೆಟ್ಟಿಲಿಳಿದು, ಸೈಕಲ್ ಸ್ಟ್ಯಾಂಡ್ ದಾಟಿ, ಗೇಟಿನ ಹೊರಗಿನ ಅಂಚೆ ಡಬ್ಬಿಯವರೆಗೆ ಇರುತ್ತಿತ್ತು. ಜನ ಅತ್ತಿಗೆಯನ್ನು ಐಸಕ್ಕ ಎಂದು ಕರೆಯುತ್ತಿದ್ದರು. ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಪ್ರತಿ ತಿಂಗಳ ಮೊದಲ ದಿನ ಗೋಡೆಗೆ ಒಂದು ಹಾಳೆ ಅಂಟಿಸುತ್ತಿದ್ದೆವು. ಎಷ್ಟು ಮಕ್ಕಳಿಗೆ ಲಸಿಕೆ ಹಾಕಿದೆವು, ಎಷ್ಟು ಮಕ್ಕಳಿಗೆ ಜ್ವರ ಬಂತು, ಎಷ್ಟು ಸೀಸೆ ಬಿಸಾಡಿದೆವು, ಯಾಕೆ ಬಿಸಾಡಿದೆವು. ಅದರ ಕೆಳಗೆ ನನ್ನ ನೀರಿನ ಫಲಿತಾಂಶ. ಜನ ನಿಂತು ಓದುತ್ತಿದ್ದರು, ಬೈಯುತ್ತಲೂ ಇದ್ದರು. ಬೈದವರೂ ಮುಂದಿನ ಬುಧವಾರ ಬರುತ್ತಿದ್ದರು.

ಹತ್ತೊಂಬತ್ತು ವರ್ಷ ಹೀಗೆ ನಡೆಯಿತು. ಆಮೇಲೆ ಹೊಸ ಸಚಿವರು ಬಂದರು. ಲಸಿಕೆಯ ವಿಷಯಕ್ಕೆ ಸಲಹೆ ಕೊಡುತ್ತಿದ್ದ ವೈದ್ಯರ ಸಮಿತಿಯನ್ನು ಒಂದೇ ಪತ್ರದಲ್ಲಿ ಮನೆಗೆ ಕಳಿಸಿದರು. ಗೋಡೆಯ ಹಾಳೆ ಮೊದಲು ಸಚಿವರ ಕಚೇರಿಗೆ ಹೋಗಿ ಒಪ್ಪಿಗೆ ಪಡೆದು ಬರಬೇಕೆಂದು ಆದೇಶವಾಯಿತು. ಹೋದ ಹಾಳೆ ಮೂರು ವಾರ ಬಿಟ್ಟು ಬಂತು. ಅಂಕಿಗಳು ಮಾಯವಾಗಿದ್ದವು, ಅವುಗಳ ಜಾಗದಲ್ಲಿ ಸಚಿವರ ಫೋಟೋ ಇತ್ತು. ಒಂದು ಸಭೆಯಲ್ಲಿ ಅವರು "ಲಸಿಕೆ ಬೇಕೋ ಬೇಡವೋ ತಂದೆ ತಾಯಿಗಳೇ ಯೋಚಿಸಲಿ, ನನಗೂ ಕೆಲವು ಸಂಶಯಗಳಿವೆ" ಎಂದರು. ಕಿಟಕಿಯಲ್ಲಿ ಪ್ರಶ್ನೆಗಳು ಬದಲಾದವು. ಮೊದಲು "ಜ್ವರ ಬರುತ್ತಾ ಐಸಕ್ಕ?" ಎನ್ನುತ್ತಿದ್ದವರು ಈಗ ದನಿ ತಗ್ಗಿಸಿ "ಇದ್ರಲ್ಲಿ ಏನೋ ಸೇರಿಸಿದಾರಂತೆ, ಹೌದಾ?" ಎಂದು ಕೇಳತೊಡಗಿದರು. ಸಾಲು ಅಂಚೆ ಡಬ್ಬಿಯಿಂದ ಸೈಕಲ್ ಸ್ಟ್ಯಾಂಡಿಗೆ, ಅಲ್ಲಿಂದ ಮೆಟ್ಟಿಲಿಗೆ ಸರಿಯಿತು.

ಮೂರನೆಯ ವರ್ಷ ಪಕ್ಕದ ಪಟ್ಟಣದಲ್ಲಿ ಇಬ್ಬರು ಮಕ್ಕಳಿಗೆ ಗಂಟಲಮಾರಿ ಬಂತು. ಒಂದು ಮಗು ಉಳಿಯಲಿಲ್ಲ. ಸಂಶಯವಿದ್ದ ಸಚಿವರಿಗೆ ಈಗ ಅಭಿಯಾನ ಬೇಕಾಯಿತು. ನಮ್ಮ ಊರಿನ ದೊಡ್ಡ ಶಾಲೆಯ ಸಭಾಂಗಣದಲ್ಲಿ ಬೆಳಿಗ್ಗೆ ಹತ್ತಕ್ಕೆ ಅವರೇ ಉದ್ಘಾಟಿಸುವುದೆಂದು ನಿಗದಿಯಾಯಿತು.

ಆ ದಿನ ಬೆಳಿಗ್ಗೆ ಏಳಕ್ಕೆ ಅವರ ಆಪ್ತ ಸಹಾಯಕ ಉಗ್ರಾಣದ ಬಾಗಿಲಲ್ಲಿ ನಿಂತಿದ್ದ. ಕಾರ್ಯಕ್ರಮ ಎಂಟಕ್ಕೇ ಅಂತೆ. ಅತ್ತಿಗೆ ಐಸ್ ಪ್ಯಾಕುಗಳನ್ನು ಆಗತಾನೇ ಹೊರಗೆ ತೆಗೆದಿದ್ದರು.

"ಅರ್ಧ ಗಂಟೆ ಕೊಡಿ ಸರ್."

"ಅರ್ಧ ಗಂಟೆನಾ? ಸಾಹೇಬ್ರು ದಾರೀಲಿದಾರೆ ಮೇಡಂ. ಐಸ್ ಇದೆ, ಡಬ್ಬಿ ಇದೆ, ಇನ್ನೇನ್ ಮುಹೂರ್ತ ನೋಡ್ಬೇಕಾ?"

"ಇವು ಇನ್ನೂ ತುಂಬಾ ತಣ್ಣಗಿವೆ."

ಆತ ಫೋನಿನಲ್ಲಿ ಯಾರಿಗೋ, ಎಲ್ಲರಿಗೂ ಕೇಳುವಂತೆ, "ಇಲ್ಲೊಬ್ರು ಐಸು ತಣ್ಣಗಿದೆ ಅಂತಿದಾರೆ ಸರ್" ಎಂದು ನಕ್ಕ. ನಮ್ಮ ಮುಖ್ಯ ವೈದ್ಯಾಧಿಕಾರಿ ಮೊಗಸಾಲೆಯಿಂದ ಓಡಿ ಬಂದು ಕೈ ಮುಗಿದರು. "ಇವತ್ತೊಂದಿನ ಹಾಕ್ಬಿಡಮ್ಮ. ನನ್ನ ಮುಖ ನೋಡು."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅತ್ತಿಗೆ ಸದ್ದು ಕೇಳದೆ ಎರಡೂ ಡಬ್ಬಿ ತುಂಬಿದರು. ನಾನು ಎದುರು ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಆಮೇಲೆ ನನ್ನ ನೀರಿನ ಮಾದರಿಗಳ ಕಡೆ ತಿರುಗಿದೆ.

ಸಚಿವರು ಬಂದದ್ದು ಹನ್ನೊಂದು ನಲವತ್ತಕ್ಕೆ. ಅಲ್ಲಿಯವರೆಗೂ ಡಬ್ಬಿಗಳು ವೇದಿಕೆಯ ಮೇಲೆ ಹೂವಿನ ಪಕ್ಕದಲ್ಲಿ ಮುಚ್ಚಿಕೊಂಡೇ ಇದ್ದವು. ಮುಚ್ಚಳ ಸಚಿವರೇ ತೆರೆಯಬೇಕಾಗಿತ್ತು, ಫೋಟೋಗಾಗಿ.

ಸಂಜೆ ಐದಕ್ಕೆ ಉಳಿದ ಸೀಸೆಗಳನ್ನು ತಂದೊಪ್ಪಿಸಿದವಳು ಅಭಿಯಾನಕ್ಕೆಂದು ಎರಡು ದಿನದ ಹಿಂದಷ್ಟೇ ಸೇರಿಸಿಕೊಂಡಿದ್ದ ನರ್ಸ್. ಖುಷಿಯಲ್ಲಿದ್ದಳು. "ಏನ್ ಚೆನ್ನಾಗಿ ತಣ್ಣಗಿಟ್ಟಿದ್ರಿ ಅಕ್ಕ! ಒಂದೆರಡರಲ್ಲಿ ಐಸ್ ಚೂರು ಇತ್ತು. ಅಂಗೈಲಿ ಹಿಡ್ಕೊಂಡೆ, ಕರಗೋಯ್ತು, ಹಾಕ್ದೆ."

ಅತ್ತಿಗೆ ಅವಳನ್ನು ಬೈಯಲಿಲ್ಲ. "ಹೋಗು ಮಗಳೇ, ಮನೆಗ್ ಹೋಗಿ ಊಟ ಮಾಡು" ಎಂದರು. ಹೋಲಿಸಿ ನೋಡಲೆಂದು ಅದೇ ಬ್ಯಾಚಿನ ಒಂದು ಸೀಸೆಯನ್ನು ಬೇಕೆಂದೇ ಫ್ರೀಜರಿನಲ್ಲಿಟ್ಟು ಬೀಗ ಹಾಕಿದರು.

ಮರುದಿನ ಬೆಳಿಗ್ಗೆ ಅದನ್ನು ಕರಗಿಸಿದೆವು. ಶಾಲೆಯಿಂದ ಬಂದ ಸೀಸೆಗಳನ್ನೂ, ಉಗ್ರಾಣ ಬಿಟ್ಟು ಹೋಗದ ಒಂದನ್ನೂ ಅದರ ಜೊತೆ ಒಟ್ಟಿಗೆ ಕುಲುಕಿ ಕಿಟಕಿಯ ಬೆಳಕಿಗೆ ಸಾಲಾಗಿ ಇಟ್ಟೆವು. ಒಳ್ಳೆಯ ಲಸಿಕೆ ತೆಳುವಾದ ಹಾಲಿನಂತೆ ಬಹಳ ಹೊತ್ತು ಒಂದೇ ಸಮ ನಿಲ್ಲುತ್ತದೆ. ಹೆಪ್ಪುಗಟ್ಟಿ ಕರಗಿದ್ದು ಚೂರು ಚೂರಾಗಿ ತಳಕ್ಕೆ ಇಳಿಯುತ್ತದೆ. ಹದಿನಾಲ್ಕು ನಿಮಿಷಕ್ಕೆ ಫ್ರೀಜರಿನದರಲ್ಲೂ ಶಾಲೆಯ ಸೀಸೆಗಳೆಲ್ಲದರಲ್ಲೂ ಲಸಿಕೆ ತಳಕ್ಕೆ ಇಳಿದಿತ್ತು. ಉಗ್ರಾಣದ್ದು ಮಾತ್ರ ಬೆಳ್ಳಗೆ ನಿಂತಿತ್ತು.

"ಇನ್ನೊಂದ್ಸಲ ನೋಡೋಣ ಅತ್ತಿಗೆ" ಎಂದೆ.

"ಎಷ್ಟು ಸಲ ನೋಡಿದ್ರೂ ಅದೇ ಕಣೇ." ಸೀಸೆಗಳನ್ನು ಒಂದೊಂದಾಗಿ ಎತ್ತಿಡುತ್ತ, "ನಾನೇ ತುಂಬಿದ್ದು" ಎಂದರು.

ಶಾಲೆಯ ರಿಜಿಸ್ಟರ್ ತರಿಸಿಕೊಂಡು ಮಕ್ಕಳನ್ನು ಎಣಿಸಿದೆವು. ನಾನೊಮ್ಮೆ, ಅವರೊಮ್ಮೆ. ಎರಡೂ ಲೆಕ್ಕ ಒಂದೇ ಬಂತು. ಅಷ್ಟೂ ಮಕ್ಕಳಿಗೆ ಗಂಟಲಮಾರಿಯಿಂದ ರಕ್ಷಣೆ ಇಲ್ಲ, ಅಷ್ಟೂ ಮನೆಗಳವರು ಇದೆ ಎಂದುಕೊಂಡಿದ್ದಾರೆ.

ಮುಖ್ಯ ವೈದ್ಯಾಧಿಕಾರಿ ನಾವು ಬರೆದ ವರದಿ ಓದಿ ಕಣ್ಣುಜ್ಜಿಕೊಂಡರು. ಅವರು ಕೆಟ್ಟವರಲ್ಲ. "ಮತ್ತೆ ಹಾಕ್ಸೋಣ. ಆದ್ರೆ ಹೆಚ್ಚಿನ ಬಲಕ್ಕೆ ಇನ್ನೊಂದು ಡೋಸ್ ಅಂತ ಹೇಳೋಣ. ಈಗ್ಲೇ ಜನ ಹಿಂದೆ ಸರೀತಿದಾರೆ. ಇದನ್ನ ಹೇಳಿದ್ರೆ ಈ ಜನ್ಮದಲ್ಲಿ ನಮ್ಮ ಹತ್ರ ಬರಲ್ಲ ಕಣಮ್ಮ."

"ಮೊದಲನೇದು ನನ್ನ ತಪ್ಪು ಸರ್. ಇದು ತಪ್ಪಲ್ಲ, ಸುಳ್ಳು."

"ನಿನ್ನ ಕೆಲಸ ಹೋಗುತ್ತೆ."

"ಅಂಗೈಲಿ ಕರಗಿಸ್ದೆ ಅಂದ್ಳಲ್ಲ ಆ ಹುಡುಗಿ, ಅವಳದ್ದು ಹೋಗುತ್ತೆ ಸರ್. ನಾನು ಬಾಯಿ ಮುಚ್ಚಿದ್ರೆ ಅವಳ ತಲೆಗೇ ಕಟ್ತೀರಿ."

ಅವರು ವರದಿಯನ್ನು ಮಡಚಿ ಪಕ್ಕಕ್ಕಿಟ್ಟರು. ಸಚಿವರ ಕಚೇರಿಗೆ ಫೋನ್ ಮಾಡಿದರು. ಅಲ್ಲಿಂದ ಬಂದ ಹೇಳಿಕೆಯಲ್ಲಿ ಒಂದು ಸಾಲಿತ್ತು: ತಾಂತ್ರಿಕ ಕಾರಣದಿಂದ ಕೆಲವು ಮಕ್ಕಳಿಗೆ ಲಸಿಕೆಯನ್ನು ಮತ್ತೆ ನೀಡಲಾಗುವುದು. ಅದನ್ನು ಓದಿ ಹೇಳಲು ಶನಿವಾರ ಅದೇ ಸಭಾಂಗಣಕ್ಕೆ ಪೋಷಕರನ್ನು ಕರೆದರು. ಅತ್ತಿಗೆ ಬಾಯಿ ತೆರೆಯಬಾರದೆಂದು ಲಿಖಿತ ಆದೇಶವೂ ಬಂತು.

ಆ ಶನಿವಾರದ ನಂತರ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಒಂಬತ್ತು ಮಕ್ಕಳನ್ನು ಬಿಟ್ಟು ಉಳಿದವರೆಲ್ಲ ಎರಡನೇ ಸಲ ಬಂದರು. ಮೆಟ್ಟಿಲಿಗೆ ಸರಿದಿದ್ದ ಸಾಲು ಆ ಒಂದು ವಾರ ಮತ್ತೆ ಅಂಚೆ ಡಬ್ಬಿ ಮುಟ್ಟಿತು. ನರ್ಸಿನ ಕೆಲಸ ಉಳಿಯಿತು. ತಿಂಗಳೊಳಗೆ ಅತ್ತಿಗೆಯನ್ನು ಹಳೆಯ ಕಡತಗಳ ಕೋಣೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು. ಕಿಟಕಿಯ ಪಕ್ಕದ ಸ್ಟೂಲನ್ನು ಯಾರೋ ಟೈಪಿಸ್ಟ್ ಒಯ್ದರು. ಗೋಡೆಗೆ ಪ್ರತಿ ತಿಂಗಳೂ 'ನೂರಕ್ಕೆ ನೂರು' ಎಂಬ ಹಾಳೆ ಬರತೊಡಗಿತು. ಅದರ ಮುಂದೆ ಯಾರೂ ನಿಲ್ಲಲಿಲ್ಲ, ಯಾರೂ ಬೈಯಲೂ ಇಲ್ಲ. ಬುಧವಾರಗಳಂದು ನನ್ನ ಕೋಣೆಯಿಂದ ಮೊಗಸಾಲೆಯ ಆ ತುದಿಯವರೆಗೂ ಖಾಲಿ ನೆಲ ಕಾಣುತ್ತಿತ್ತು. ಆಗೀಗ ಒಬ್ಬ ತಾಯಿ ಬಂದು, "ಐಸಕ್ಕ ಇಲ್ವಾ?" ಎಂದು ಕೇಳಿ, ಇಲ್ಲವೆಂದರೆ ಮಗುವನ್ನು ಹೆಗಲು ಬದಲಿಸಿಕೊಂಡು ಸುಮ್ಮನೆ ನಿಂತಿರುತ್ತಿದ್ದಳು. ಕೆಲವರು ಹಾಕಿಸಿಕೊಳ್ಳುತ್ತಿದ್ದರು. ಕೆಲವರು ಹೊರಟುಹೋಗುತ್ತಿದ್ದರು.

ಈಗ ಅತ್ತಿಗೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ನಾನೂ ನಿವೃತ್ತಳು. ಆ ಕಟ್ಟಡವನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಶನಿವಾರದ ಸಭಾಂಗಣ.

ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮುಖ್ಯ ವೈದ್ಯಾಧಿಕಾರಿ ಹೇಳಿಕೆಯನ್ನು ಓದಿ ಮುಗಿಸಿದರು. ಆಪ್ತ ಸಹಾಯಕ ಮೈಕಿನ ಪಕ್ಕದಲ್ಲೇ ಕೂತಿದ್ದ. ಹಿಂದಿನಿಂದ ಒಬ್ಬ ದರ್ಜಿ, ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ಇತ್ತು, ಎದ್ದು ನಿಂತ.

"ಕೆಲವು ಅಂದ್ರೆ ಎಷ್ಟು ಸ್ವಾಮಿ? ನನ್ನ ಮಗಳು ಆ ಕೆಲವರಲ್ಲಿ ಇದಾಳಾ, ಇಲ್ವಾ?"

"ಅಧಿಕೃತ ಮಾಹಿತಿ ಆಮೇಲೆ ಕೊಡ್ತಾರೆ, ಕೂತ್ಕೊಳ್ರಿ" ಎಂದ ಆಪ್ತ ಸಹಾಯಕ.

"ಆಮೇಲೆ ಅಂದ್ರೆ? ಜ್ವರ ಬಂದ್ಮೇಲಾ?" ಎಂದಳು ಒಬ್ಬ ಹೆಂಗಸು. ಮುಂದಿನ ಸಾಲಿನ ನಾಲ್ಕೈದು ಜನ ಮಕ್ಕಳ ಕೈ ಹಿಡಿದು ಹೊರಡಲು ಎದ್ದರು.

ನನ್ನ ಪಕ್ಕದಲ್ಲಿದ್ದ ಅತ್ತಿಗೆ ಎದ್ದದ್ದು ಆಗ. ನಾನು ಅವರ ಸೆರಗು ಹಿಡಿದಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಅವರು ಬಿಡಿಸಿಕೊಂಡರು. ಮೈಕ್ ಯಾರೂ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಬುಧವಾರದ ಕಿಟಕಿಯಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು:

"ಆ ದಿನ ಇಲ್ಲಿ ಹಾಕಿಸಿಕೊಂಡ ಎಲ್ಲರೂ ಮತ್ತೆ ಬರ್ಬೇಕು. ಲಸಿಕೆ ಹೆಪ್ಪುಗಟ್ಟಿತ್ತು. ಡಬ್ಬಿ ತುಂಬಿದ್ದು ನಾನು, ಕಾಯದೆ ತುಂಬಿದೆ. ಮಕ್ಕಳ ಮೈಗೆ ಕೇಡಿಲ್ಲ, ಆದ್ರೆ ರಕ್ಷಣೆಯೂ ಇಲ್ಲ. ನಿಮ್ಮ ಮಗಳೂ ಇದಾಳಪ್ಪ."

ದರ್ಜಿ ಇನ್ನೂ ನಿಂತೇ ಇದ್ದ. "ಒಟ್ಟು ಎಷ್ಟು ಮಕ್ಕಳು ಐಸಕ್ಕ?"

"ಇನ್ನೂರ ಹದಿನಾಲ್ಕು."