ಗಾಜಿನ ಮೇಲೆ ಹಳದಿ ಗೆರೆ

ಅನುಮಾನಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಪಂಪುಗಳ ತಪಾಸಣೆ ನನ್ನ ಕೆಲಸ. ಜೋಡಿಸಿದವನು ಎಲ್ಲ ಸರಿಯಾಗಿದೆ ಅಂದರೂ ನಾನು ನಂಬಬಾರದು. ಕೆಲಸಕ್ಕೆ ಒಳ್ಳೆಯ ಬುದ್ಧಿಯೇ. ಅದನ್ನು ಗೇಟಿನಲ್ಲೇ ಬಿಟ್ಟು ಮನೆಗೆ ಬರುವುದು ಮಾತ್ರ ನನಗೆ ಬರಲಿಲ್ಲ.

ಆಗ ನಾವು ಬೇಗೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೆವು. ನನಗೆ ಬೆಳಗಿನ ಪಾಳಿ, ಹೆಂಡತಿಗೆ ಮಧ್ಯಾಹ್ನದ್ದು. ಅವಳದು ಬೇರೆ ಕಂಪನಿ, ಕರೆಂಟಿನ ಪ್ಯಾನಲ್ ಜೋಡಿಸುವ ಕೆಲಸ. ನಾನು ಹೊರಡುವಾಗ ಅವಳು ಮಲಗಿರುತ್ತಿದ್ದಳು, ನಾನು ಬರುವಷ್ಟರಲ್ಲಿ ಅವಳ ಬಸ್ಸು ಹೋಗಿರುತ್ತಿತ್ತು. ಮದುವೆಯಾಗಿ ಎರಡು ವರ್ಷವಾದರೂ ಒಬ್ಬರನ್ನೊಬ್ಬರು ಕಣ್ತುಂಬ ನೋಡಿದ್ದು ಭಾನುವಾರಗಳಲ್ಲಿ ಮಾತ್ರ.

ಖಾಲಿ ಮನೆಯ ಮಧ್ಯಾಹ್ನಗಳಿಗೆಂದು ನಾನೊಂದು ಮೀನಿನ ಟ್ಯಾಂಕ್ ಇಟ್ಟೆ. ಬಣ್ಣದ ಕಲ್ಲು, ಗುಳ್ಳೆ ಬಿಡುವ ಪ್ಲಾಸ್ಟಿಕ್ ಬೊಂಬೆ ಇರುವಂಥದ್ದಲ್ಲ, ನೀರೊಳಗೆ ನಿಜವಾದ ಗಿಡ ಬೆಳೆಯುವಂಥದ್ದು. ಅದಕ್ಕೊಂದು ಡ್ರಿಫ್ಟ್‌ವುಡ್ ತಂದೆ, ಅಂದರೆ ನೀರಲ್ಲಿ ಸವೆದು ಒಣಗಿದ ಕವಲು ಬೇರು. ಇದು ಹೊಳೆಯದ್ದೋ, ಪಕ್ಕದ ಸೈಟಿನಲ್ಲಿ ಕಿತ್ತದ್ದೋ ಎಂದು ಅಂಗಡಿಯವನ ಮೇಲೂ ಅನುಮಾನವಿತ್ತು. ಎರಡು ಸಲ ಕುದಿಸಿದೆ, ಹತ್ತು ದಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆ. ನೀರು ಕಾಫಿ ಡಿಕಾಕ್ಷನ್ನಿನಂತೆ ಇಳಿಯಿತು. ಬಣ್ಣ ಬಿಡುವುದು ನಿಂತ ಮೇಲೆ ಬೇರಿಗೊಂದು ಗಿಡವನ್ನು ದಾರದಿಂದ ಕಟ್ಟಿ, ಟೇಪು ಹಿಡಿದು ಅಳೆದು, ಟ್ಯಾಂಕಿನ ನಟ್ಟನಡುವೆ ನಿಲ್ಲಿಸಿದೆ. ನಡುವೆ ಇಡಬೇಡಿ ಸಾರ್, ಒಂದು ಪಕ್ಕಕ್ಕಿದ್ದರೇ ಚಂದ ಎಂದು ಅಂಗಡಿಯವನು ಹೇಳಿದ್ದ. ನಾನು ಕೇಳಲಿಲ್ಲ. ಹೆಂಡತಿ ಒಮ್ಮೆ ಬೇರನ್ನು ಮುಟ್ಟಿ, ಲೋಳೆ ಲೋಳೆ ಎಂದು ಮುಖ ಸಿಂಡರಿಸಿ ಕೈ ತೊಳೆದುಕೊಂಡಿದ್ದಳು.

ಒಂದು ಸೋಮವಾರ ಬಂದು ನೋಡಿದರೆ ಬೇರು ಎಡಕ್ಕೆ ಸರಿದಿತ್ತು. ಮರಳು ಕುಸಿದಿರಬೇಕು ಎಂದುಕೊಂಡು ಮತ್ತೆ ನಡುವಿಗೆ ತಂದೆ. ಮಾರನೆಯ ದಿನ ಮತ್ತೆ ಎಡಕ್ಕೆ. ಈ ಸಲ ಒಂದು ಕವಲು ಮುಂದಿನ ಗಾಜಿನತ್ತ ಬಾಗಿತ್ತು, ಅದರ ಹಿಂದಿನ ಕತ್ತಲಲ್ಲಿ ಮೀನುಗಳೆಲ್ಲ ಗುಂಪಾಗಿ ನಿಂತಿದ್ದವು. ನೋಡಲು ಚೆನ್ನಾಗಿತ್ತು, ನಾನಿಟ್ಟದ್ದಕ್ಕಿಂತ ಚೆನ್ನಾಗಿತ್ತು. ನನ್ನ ತಲೆ ಕೆಟ್ಟಿದ್ದೇ ಅಲ್ಲಿ. ಇದು ಟ್ಯಾಂಕಿನ ವಿಷಯ ತಿಳಿದವರ ಕೈ. ಹೆಂಡತಿಗೆ ಅದು ತಿಳಿಯದು, ಮೇಲಾಗಿ ಲೋಳೆ ಮುಟ್ಟುವವಳಲ್ಲ. ಹಾಗಾದರೆ ನಾನಿಲ್ಲದ ಬೆಳಗಿನಲ್ಲಿ ನಮ್ಮ ಮನೆಗೆ ಬಂದು ಕೂರುವವನು ಯಾರು?

ಅವಳನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಆ ಭಾನುವಾರ ಅವಳೇ ಟ್ಯಾಂಕಿನ ಮುಂದೆ ಕೂತು, ಮೀನು ಈಗೀಗ ಚೆನ್ನಾಗಿ ಕಾಣುತ್ತವೆ ಅಲ್ಲವಾ ಎಂದು ಕೇಳಿದಳು. ನಾನು ಹೂಂ ಎಂದು ಮೀನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ.

ಕಾರ್ಖಾನೆಯಲ್ಲಿ ಬೋಲ್ಟ್ ಬಿಗಿ ಮಾಡಿದ ಮೇಲೆ ಬೋಲ್ಟಿಗೂ ಅದು ಕೂತ ಜಾಗಕ್ಕೂ ಸೇರಿಸಿ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆಯುತ್ತೇವೆ. ಆಮೇಲೆ ಯಾರಾದರೂ ತಿರುಗಿಸಿದರೆ ಗೆರೆ ಮುರಿದು ಕಾಣುತ್ತದೆ. ನಾನು ಆ ಮಾರ್ಕರನ್ನು ಜೇಬಿನಲ್ಲಿ ಮನೆಗೆ ತಂದು, ಬೇರನ್ನು ಮತ್ತೆ ನಡುವಿಗೆ ಸರಿಸಿ, ಕವಲಿನ ತುದಿಗೆ ನೇರವಾಗಿ ಟ್ಯಾಂಕಿನ ಗಾಜಿನ ಮೇಲೆ ಸಣ್ಣದೊಂದು ಹಳದಿ ಗೆರೆ ಎಳೆದೆ. ದಿನವೂ ಬೇರನ್ನು ಗೆರೆಗೆ ತಂದಿಟ್ಟು ಮೂರು ದಿನ ನೋಡಿದೆ. ಮೂರೂ ದಿನ ತುದಿ ಗೆರೆ ಬಿಟ್ಟು ಸರಿದಿತ್ತು.

ನಾಲ್ಕನೆಯ ದಿನ ಕೆಳಗಿನ ಮನೆಯ ಅಜ್ಜಿಯ ಹತ್ತಿರ ಹೋದೆ. ಅವರು ಮನೆ ಮಾಲೀಕರ ತಾಯಿ. ತಮ್ಮ ಹೊಲವಿದ್ದ ಜಾಗದಲ್ಲೇ ಎದ್ದ ಕಟ್ಟಡದ ಮೆಟ್ಟಿಲ ಮೇಲೆ ಕೂತು ದಿನವಿಡೀ ಹೋಗಿಬರುವವರನ್ನು ನೋಡುತ್ತಿದ್ದರು. ಈಚೆಗೆ ಕಳ್ಳರ ಕಾಟ ಜಾಸ್ತಿಯಂತೆ, ಬೆಳಗ್ಗೆ ನಮ್ಮ ಮನೆಗೆ ಯಾರಾದರೂ ಬರುತ್ತಾರಾ ಎಂದು ಸುತ್ತಿ ಬಳಸಿ ಕೇಳಿದೆ. ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಕಳ್ಳರ ಇಚಾರ ಕೇಳ್ತಾ ಇದ್ದೀಯೋ, ಎಂಡ್ತಿ ಇಚಾರ ಕೇಳ್ತಾ ಇದ್ದೀಯೋ?"

ನಾನು ಮೆಟ್ಟಿಲು ಹತ್ತಿ ಮೇಲೆ ಬಂದೆ.

ಮರುದಿನ ನಾನು ಬರುವ ಹೊತ್ತಿಗೆ ಹೆಂಡತಿ ಮನೆಯಲ್ಲೇ ಇದ್ದಳು. ಡ್ಯೂಟಿಗೆ ಹೋಗಿರಲಿಲ್ಲ. ಅಜ್ಜಿ ಎಲ್ಲ ಹೇಳಿದ್ದರು. ಅವಳು ಗಾಜಿನ ಮೇಲಿನ ಗೆರೆಯ ಮೇಲೆ ಬೆರಳಿಟ್ಟಳು.

"ದಿನಾ ಇಂಥ ಗೆರೆ ಎಷ್ಟು ಹಾಕ್ತೀನಿ ನಾನು. ಇದನ್ನ ಯಾಕೆ ಹಾಕ್ತಾರೆ ಅಂತ ನಂಗೆ ಗೊತ್ತಾಗಲ್ವಾ?"

ಆಮೇಲೆ ಎಲ್ಲ ಹೇಳಿದಳು. ನನ್ನ ಹುಚ್ಚು ಏನೆಂದು ತಿಳಿಯಲು ಫೋನಿನಲ್ಲಿ ವಿಡಿಯೋ ನೋಡಿ ಕಲಿತಿದ್ದಳಂತೆ. ಲೋಳೆಗೆ ಹೇಸಿಕೊಂಡೇ ಮೊಣಕೈವರೆಗೂ ಕೈ ಇಳಿಸಿ ಬೇರನ್ನು ಸರಿಸುತ್ತಿದ್ದಳಂತೆ. ಯಾರು ಇಷ್ಟು ಚೆನ್ನಾಗಿ ಇಟ್ಟಿದ್ದು ಎಂದು ನಾನು ಕೇಳುತ್ತೇನೆಂದು ಕಾದಿದ್ದಳು. ನಾನು ದಿನವೂ ನಡುವಿಗೆ ತರುತ್ತಿದ್ದುದನ್ನೂ ಗೆರೆ ಎಳೆದದ್ದನ್ನೂ, ಅಜ್ಜಿ ಹೇಳುವವರೆಗೆ, ನನ್ನ ಕಡೆಯ ಆಟವೆಂದುಕೊಂಡು, ಬಸ್ಸಿನಲ್ಲಿ ನೆನೆದು ನಗುತ್ತಿದ್ದಳಂತೆ.

"ಕೆಳಗಡೆ ಹೋಗಿ ಕೇಳಿದ್ರಲ್ಲ. ನನ್ನ ಒಂದ್ ಮಾತು ಕೇಳಕ್ಕಾಗ್ಲಿಲ್ವಾ?"

ನಾಚಿಕೆಯಿಂದ ಸತ್ತುಹೋದೆ. ತಪ್ಪಾಯಿತು ಎಂದೆ. ಅವಳು ಜಗಳವಾಡಲಿಲ್ಲ, ಅನ್ನ ಬಡಿಸಿದಳು. ಆಮೇಲೆ ಬೇರನ್ನು ಯಾವತ್ತೂ ಮುಟ್ಟಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಫೋನಿಗೆ ಅವಳ ಮೆಸೇಜು ಬಂತು. ಸಿಲಿಂಡರ್‌ನವನು ಬಂದಿದ್ದ, ಬಾಗಿಲಲ್ಲೇ ಕಳಿಸಿದೆ ಎಂದಿತ್ತು. ಅದರ ಮರುದಿನ ಕೊರಿಯರಿನವನದು. ಹೀಗೆಲ್ಲ ಕಳಿಸಬೇಡ ಎಂದು ಬೇಡಿಕೊಂಡೆ, ಒಮ್ಮೆ ಅತ್ತೂ ಬಿಟ್ಟೆ. ಆಯ್ತು ಬಿಡಿ ಎನ್ನುತ್ತಾಳೆ, ಮತ್ತೆ ಕಳಿಸುತ್ತಾಳೆ. ಈಗ ಮನೆ ಬದಲಾಗಿದೆ, ನಾಲ್ಕು ವರ್ಷವಾಗಿದೆ. ನಿನ್ನೆಯೂ ಹನ್ನೊಂದಕ್ಕೆ ಬಂತು.

"ಇವತ್ತು ಯಾರೂ ಬಂದಿಲ್ಲ."