ಎಂಟನೇ ಕ್ಲಾಸಿನ ಬಾಗಿಲಲ್ಲಿ ಸಿಕ್ಕ ದನಿ

ತ್ರಿಪ್ಲಿಕೇನಿನ ನಮ್ಮ ಶಾಲೆಗೆ ಹುಡುಗಿಯರು ಮೊಬೈಲ್ ತರುವಂತಿಲ್ಲ. ಶಬ್ದದ ಪಾಠಕ್ಕೆ ಬೇಕು ಅಂತ ಹೆಡ್‌ಮಿಸ್ ಹತ್ತಿರ ಹಟ ಹಿಡಿದು ಅನುಮತಿ ತೆಗೆದುಕೊಂಡವಳು ನಾನೇ. ಒಂಬತ್ತನೇ ಕ್ಲಾಸಿನವರು ತಮ್ಮದೋ ಅಪ್ಪ ಅಮ್ಮನದೋ ಫೋನು ಹಿಡಿದು ಹಬ್ಬಕ್ಕೆ ಬಂದ ಹಾಗೆ ಬಂದರು. ಶಬ್ದ ಅಳೆದು ರೆಕಾರ್ಡೂ ಮಾಡಿಕೊಳ್ಳುವ ಆ್ಯಪ್ ಹಾಕಿಸಿ, ಗುಂಪು ಮಾಡಿ, ಗೇಟು, ಕ್ಯಾಂಟೀನು, ವರಾಂಡ ಅಂತ ಒಂದೊಂದು ಕಡೆಗೆ ಕಳಿಸಿದೆ.

ಅವರು ಹೋದ ಮೇಲೆ ಪಕ್ಕದ ಎಂಟನೇ ಕ್ಲಾಸಿನಲ್ಲಿ ಗಲಾಟೆ ಶುರುವಾಯಿತು. ಅವರ ಟೀಚರ್ ರಜದಲ್ಲಿದ್ದರು. ನಾನೇ ಹೋಗಿ ಗದರಿಸಿ ಬಂದೆ, ಅಲ್ಲಿಗೇ ಮರೆತೆ.

ಎಲ್ಲರೂ ವಾಪಸು ಬಂದಾಗ ವರಾಂಡದ ಗುಂಪಿನವಳೊಬ್ಬಳು ಕುಣಿಯುತ್ತಾ ಹೇಳಿದಳು, "ಮಿಸ್, ಗೇಟಿನ ಬಸ್ ಹಾರನ್‌ಗಿಂತ ಎಂಟನೇ ಕ್ಲಾಸಿನ ಬಾಗಿಲಲ್ಲೇ ಶಬ್ದ ಜಾಸ್ತಿ!"

"ಹೌದಾ? ಹಾಕು, ಎಲ್ಲರೂ ಕೇಳೋಣ," ಅಂತ ಆ ಫೋನನ್ನು ನಾನೇ ಸ್ಪೀಕರಿಗೆ ಜೋಡಿಸಿದೆ.

ಬಂದದ್ದು ಮಕ್ಕಳ ಗಲಾಟೆಯಲ್ಲ, ನನ್ನ ದನಿ. "ಹೆತ್ತವರಿಗೂ ಬೇಡವಾದ ದರಿದ್ರ ಮುಂಡೇವು! ಇಲ್ಲಿ ಬಂದು ನನ್ನ ಪ್ರಾಣ ತಿಂತೀರಾ?"

ಈ ತಮಿಳು ಊರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಪಾಠ, ಹರಟೆ, ತಮಾಷೆ ಎಲ್ಲ ತಮಿಳಿನಲ್ಲೇ. ಸಿಟ್ಟು ಮಾತ್ರ ಮನೆಮಾತು ಕನ್ನಡದಲ್ಲಿ ಬರುತ್ತದೆ. ಯಾರಿಗೂ ತಿಳಿಯದ ಬೈಗುಳ ಯಾರಿಗೂ ತಾಗುವುದಿಲ್ಲ ಅನ್ನುವ ಧೈರ್ಯ ಬೇರೆ. ತಮಿಳಿನಲ್ಲಾಗಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಕ್ಲಾಸಿಗೆ ಕ್ಲಾಸೇ ನಕ್ಕಿತು. "ಮಿಸ್, ಏನಂದ್ರಿ? ಏನರ್ಥ?" ನಾನು ಸ್ಪೀಕರ್ ಆಫ್ ಮಾಡಿದೆ. ಯಾರೋ ಕಿಟಕಿ ಪಕ್ಕದವಳನ್ನು ತೋರಿಸಿದರು, "ಇವಳಿಗೆ ಗೊತ್ತು, ಇವಳ ಮನೇಲಿ ಕನ್ನಡ." ಅವಳ ಅಪ್ಪ ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು, ಕರಾವಳಿಯ ಕಡೆಯವರು. ನಾನು ಎಷ್ಟೋ ಸಲ ಕನ್ನಡದಲ್ಲಿ ಮಾತಾಡಿಸಿದ್ದೆ. ಅವಳು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಕನ್ನಡ ಮರೆತಿದ್ದಾಳೆ ಅಂದುಕೊಂಡಿದ್ದೆ.

ಅವಳು ಎದ್ದು ನಿಂತಳು. "ಸತ್ತಂ ಪೋಡಾದೀಂಗ, ಒಳುಂಗಾ ಪಡೀಂಗ," ಅಂದಳು. ಗಲಾಟೆ ಮಾಡಬೇಡಿ, ಸರಿಯಾಗಿ ಓದಿ. "ಅಷ್ಟೇನಾ!" ಅಂತ ಉಳಿದವರಿಗೆ ನಿರಾಸೆ. ನಾನು ಬೋರ್ಡಿನ ಕಡೆ ತಿರುಗಿ ಡೆಸಿಬಲ್ ಅಂತ ಬರೆದೆ, ಅಕ್ಷರ ತಪ್ಪಿತು, ಒರೆಸಿ ಮತ್ತೆ ಬರೆದೆ.

ಬೆಲ್ ಆದ ಮೇಲೆ ಅವಳನ್ನು ಕರೆದೆ. ಥ್ಯಾಂಕ್ಸ್ ಹೇಳುವುದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೇಳಬೇಕೆಂದರೆ, ಆ ರೆಕಾರ್ಡಿಂಗ್ ಅವಳು ಹೇಗಾದರೂ ಅಳಿಸಿ ಹಾಕಿಸಲಿ ಅನ್ನುವ ಆಸೆ.

"ಯಾಕಮ್ಮಾ ಹಾಗೆ ಹೇಳಿದೆ?" ಅಂದೆ.

ಮೊದಲ ಸಲ ಅವಳು ನನಗೆ ಕನ್ನಡದಲ್ಲಿ ಉತ್ತರ ಕೊಟ್ಟಳು. "ನನ್ನ ತಂಗಿ ಆ ಕ್ಲಾಸಲ್ಲಿ ಇದ್ದಾಳೆ ಮಿಸ್. ಅರ್ಥ ಗೊತ್ತಾದ್ರೆ ಎಲ್ಲರೂ ಆ ಕ್ಲಾಸಿನವರನ್ನು ಅದೇ ಮಾತು ಹೇಳಿ ತಮಾಷೆ ಮಾಡ್ತಾರೆ, ಅವಳನ್ನೂ. ಅವಳಿಗೂ ಕನ್ನಡ ಬರ್ತದೆ."

ನನ್ನ ಮಾನ ಉಳಿಸಲು ಹೇಳಿದಳು ಅಂದುಕೊಂಡಿದ್ದೆನಲ್ಲ! ಅವಳ ಲೆಕ್ಕದಲ್ಲಿ ನಾನು ಇರಲೇ ಇಲ್ಲ. ರೆಕಾರ್ಡಿಂಗಿನ ಮಾತು ಎತ್ತಲಾಗಲಿಲ್ಲ.

ಮಾರನೇ ದಿನ ಎಂಟನೇ ಕ್ಲಾಸಿಗೆ ಹೋದೆ. ನಿನ್ನೆ ನಾನು ಕೆಟ್ಟ ಮಾತು ಆಡಿದೆ, ನಿಮ್ಮ ಗಲಾಟೆಗಿಂತ ನನ್ನದೇ ದೊಡ್ಡದಾಯಿತು, ತಪ್ಪಾಯಿತು, ಅಂತ ತಮಿಳಿನಲ್ಲಿ ಹೇಳಿದೆ. ಮಕ್ಕಳು ಪಿಳಿಪಿಳಿ ನೋಡಿದರು, ಒಬ್ಬಳು ಪರವಾಗಿಲ್ಲ ಮಿಸ್ ಅಂದಳು. ತಂಗಿ ಯಾರೆಂದು ಕೇಳಬೇಕಾಗಲಿಲ್ಲ. ಒಬ್ಬಳು ಮಾತ್ರ ತಲೆ ಎತ್ತಿರಲಿಲ್ಲ.

ಹೊರಗೆ ಬಂದಾಗ ಆ ಮಗು ಹಿಂದೆಯೇ ಓಡಿ ಬಂತು. ಏನು ಕೇಳುತ್ತಾಳೋ ಅಂತ ನಿಂತೆ.

"ಮಿಸ್, ನಾನು ಅಮ್ಮನಿಗೆ ಹೇಳಲಿಲ್ಲ," ಅಂತ ಮೆಲ್ಲಗೆ ಕನ್ನಡದಲ್ಲಿ ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ.

"ಹೇಳು ಪುಟ್ಟಾ, ಹೇಳಬಹುದು," ಅಂದೆ. ಅವಳು ಇಲ್ಲ ಅನ್ನುವ ಹಾಗೆ ತಲೆ ಅಲ್ಲಾಡಿಸಿ ಒಳಗೆ ಹೋದಳು.