ಬಲಗಡೆ ಕೂತು ಅಂಚೆ ಹಂಚುವ ಲೊರೇನ್

ಲೊರೇನ್ ಪೆಲ್ಕಿ ನನ್ನ ಹಳೆಯ ವಿದ್ಯಾರ್ಥಿನಿ. ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚನ್ನು ಬಿಟ್ಟು ಬೇರೆಲ್ಲೂ ಕೂತವಳಲ್ಲ. ಕೆನಡಾದ ವ್ಯಾಂಕೂವರ್ ದ್ವೀಪದ ನಮ್ಮ ಕಣಿವೆಗೆ ಬಹಳ ವರ್ಷಗಳಿಂದ ಸ್ವಂತ ಕಾರಿನಲ್ಲಿ ಅಂಚೆ ಹಂಚುವವಳು ಅವಳೇ.

ಇಲ್ಲಿ ಮನೆಯವರ ಹೆಸರು, ನಂಬರು ಬರೆದ ಅಂಚೆಪೆಟ್ಟಿಗೆಗಳು ರಸ್ತೆಯ ಬಲ ಅಂಚಿನಲ್ಲಿರುತ್ತವೆ. ಕಾರುಗಳ ಸ್ಟೀರಿಂಗ್ ಎಡಗಡೆ. ಪ್ರತಿ ಪೆಟ್ಟಿಗೆಗೂ ಪಕ್ಕದ ಸೀಟಿನ ಮೇಲೆ ಬಾಗಿ ಬಾಗಿ ಅವಳ ಸೊಂಟ ಸೋತುಹೋಯಿತು. ಕೊನೆಗೆ ಜಪಾನಿನಿಂದ ಬಂದ, ಬಲಗಡೆ ಸ್ಟೀರಿಂಗ್ ಇರುವ ಹಳೆಯ ನಿಸ್ಸಾನ್ ಸ್ಟೇಜಿಯಾ ಕಾರೊಂದನ್ನು ಕೊಂಡಳು. ಕೈ ಚಾಚಿದರೆ ಪೆಟ್ಟಿಗೆ. ಸೊಂಟ ಉಳಿಯಿತು, ನೆಮ್ಮದಿ ಹೋಯಿತು.

ಹಿಂದಿನ ಯಜಮಾನ ಅದನ್ನು ಓಟದ ಕಾರಿನಂತೆ ಮಾರ್ಪಡಿಸಿದ್ದನೆಂಬುದು ಅವಳಿಗೆ ಗೊತ್ತಿರಲಿಲ್ಲ. ಡ್ವೈಟನಿಗೆ ಗೊತ್ತಾಯಿತು. ಛಾವಣಿ ಹೊದಿಸುವ ಕಸುಬಿನ ಈ ನಲವತ್ತು ದಾಟಿದ ಗಂಡಸಿಗೂ ಅವನ ಗೆಳೆಯರಿಗೂ ಒಂದೇ ಹುಚ್ಚು: ಇಂಥ ಕಾರು ಕಂಡಲ್ಲಿ ಫೋಟೊ ತೆಗೆದು ಅಂತರಜಾಲಕ್ಕೆ ಹಾಕುವುದು. ಅಂಚೆಪೆಟ್ಟಿಗೆಗಳ ಹಿಂದೆ, ಬ್ಲ್ಯಾಕ್‌ಬೆರಿ ಪೊದೆಗಳಲ್ಲಿ ಅವರು ಕ್ಯಾಮೆರಾ ಹಿಡಿದು ಕೂರತೊಡಗಿದರು.

"ಮೇಡಂ, ಒಂದ್ಸಲ ಹಿಂದೆ ಹೋಗಿ ಮತ್ತೆ ಬನ್ನಿ!"

"ಇದರಲ್ಲಿರೋದು ಕರೆಂಟ್ ಬಿಲ್ಲು ಕಣಯ್ಯಾ, ಟ್ರೋಫಿ ಅಲ್ಲ!"

ಒಂದು ಶುಕ್ರವಾರ ಅಂಚೆ ಕಚೇರಿಯ ಮೇಲ್ವಿಚಾರಕಿ ಅವಳನ್ನು ಕರೆದಳು. ರಸ್ತೆಯ ಕೊನೆಯಲ್ಲಿ ಕುದುರೆ ಸಾಕುವ ಮುದುಕ ಟ್ರೌಟ್‌ಮನ್ ದೂರು ಕೊಟ್ಟಿದ್ದ. ಅವಳ ಕಾರಿನ ಫೋಟೊದಲ್ಲಿ ಅವನ ಹೆಸರು, ಮನೆಯ ನಂಬರು ಅಂತರಜಾಲಕ್ಕೆ ಬಂದಿದ್ದವು. ಅಂಚೆಗಳ್ಳರ ಕಾಟವಿರುವ ಊರು ನಮ್ಮದು. ಪೊದೆಯಲ್ಲಿ ಅಡಗುವವರನ್ನು ಯಾರು ನಂಬುತ್ತಾರೆ? ದೂರು ಹಿಂದೆಗೆಯದಿದ್ದರೆ ಸೋಮವಾರದಿಂದ ಮಾಮೂಲಿ ಕಾರು ತರಬೇಕೆಂದು ಅಪ್ಪಣೆಯಾಯಿತು. ಮಾಮೂಲಿ ಕಾರೆಂದರೆ ಮತ್ತೆ ಬಾಗುವುದು. ಬಾಗಿದರೆ ಕೆಲಸ ಬಿಡುವುದೇ ಗತಿ.

ಅವಳು ನೇರವಾಗಿ ಡ್ವೈಟನ ಮನೆಗೆ ಹೋಗಿ ಫೋನಿನಲ್ಲಿ ಆ ಫೋಟೊ ತೆರೆದು ಅವನ ಮೂಗಿಗೆ ಹಿಡಿದಳು.

"ಏನೋ ಇದು?"

"ನಂಬರ್ ಪ್ಲೇಟ್ ನೀಟಾಗಿ ಮುಚ್ಚಿದೀವಲ್ಲ ಮೇಡಂ. ಕಾರಿನ ಮರ್ಯಾದೆ ನಾವು ಯಾವತ್ತೂ ತೆಗೆಯಲ್ಲ."

"ಪಕ್ಕದಲ್ಲಿ ಆ ಮುದುಕನ ಹೆಸರು ಹಲ್ಲು ಕಿರೀತಾ ಇದೆಯಲ್ಲೋ!"

ಡ್ವೈಟ್ ಕಣ್ಣು ಕಿರಿದು ಮಾಡಿ ನೋಡಿದ. "ಅಯ್ಯೋ, ಅಲ್ಲೊಂದು ಪೆಟ್ಟಿಗೆ ಇದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಚಕ್ರಗಳ ಹೊರತು ಬೇರೇನೂ ಅವನಿಗೆ ಕಂಡೇ ಇರಲಿಲ್ಲ.

"ಈಗಲೇ ಅಳಿಸು. ಭಾನುವಾರ ಬಂದು ಅವನೆದುರು ನಿಂತು ತಪ್ಪಾಯ್ತು ಅನ್ನು."

"ನಿಮ್ಮ ಕಾರಲ್ಲೇ ಹೋಗೋದಾ?" ಅವನ ಮುಖ ಅರಳಿತು.

ಶಿಕ್ಷೆಯೆಂದು ಕರೆದೊಯ್ದರೆ ಅವನಿಗದು ಮೆರವಣಿಗೆ. ದಾರಿಯುದ್ದಕ್ಕೂ ಒಂದೇ ರಾಗ: "ಈ ಏರಲ್ಲಿ ಒಂಚೂರು ಒತ್ತಿ ಮೇಡಂ, ಪ್ಲೀಸ್."

"ಬಾಯಿ ಮುಚ್ಕೊಂಡು ಕೂರು!"

ಟ್ರೌಟ್‌ಮನ್ ಬೇಲಿಗೆ ಒರಗಿಕೊಂಡೇ ಡ್ವೈಟನ ಮಾತು ಕೇಳಿದ, ಒಂದಷ್ಟು ಬೈದ, ಫೋಟೊ ಅಳಿಸಿದೆಯೆಂದು ತಾನೇ ನೋಡಿ ಖಚಿತಪಡಿಸಿಕೊಂಡ.

"ಹೋಗ್ಲಿ ಬಿಡು. ಬೆಳಗ್ಗೆ ಫೋನ್ ಮಾಡಿ ದೂರು ವಾಪಸ್ ತಗೋತೀನಿ. ಲೊರೇನ್, ನೀನು ಈ ಗಾಡೀಲೇ ಬಾರಮ್ಮ."

ಲೊರೇನ್ ನಿಟ್ಟುಸಿರುಬಿಟ್ಟು ಕಾರು ಹತ್ತಿದಳು. ಅಷ್ಟರಲ್ಲಿ ಮುದುಕ ಕೇಳಿದ: "ಅಲ್ಲಯ್ಯಾ, ಈ ಡಬ್ಬಾದಲ್ಲಿ ಅಂಥದ್ದೇನಿದೆ?"

"ಬೇಡ, ಕೇಳ್ಬೇಡಿ!" ಎಂದಳು ಲೊರೇನ್.

ಬಾನೆಟ್ ಆಗಲೇ ತೆರೆದಿತ್ತು. ಎರಡು ತಲೆಗಳು ಒಳಗೆ ಬಗ್ಗಿದವು. ಅವಳ ರಜೆಯ ದಿನ ಕರಗುತ್ತಾ ಹೋಯಿತು. ತಾಳ್ಮೆಗೆಟ್ಟು ಉದ್ದಕ್ಕೆ ಹಾರ್ನ್ ಒತ್ತಿದಳು.

"ಕೇಳಿದ್ರಾ?" ಎಂದ ಡ್ವೈಟ್, ತಲೆ ಎತ್ತದೆ. "ಹಾರ್ನೂ ಬದಲಾಯಿಸಿದಾರೆ!"